ಈಜಿಪ್ಟೋ, ವಿಯೆಟ್ನಾಮೋ, ಜಪಾನೋ? ಮೊದಲು ಕೋಟೆ ಹತ್ತಿ ಬನ್ನಿ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಆಮೇಲೆ ಮೂರು ದೇಶ ನೋಡಿ ಬಂದೆ. ಈಜಿಪ್ಟಿಗೆ ನಮ್ಮನೆಯವರ ಜೊತೆ ಟೂರಿನ ಗುಂಪಿನಲ್ಲಿ ಹೋದೆ. ವಿಯೆಟ್ನಾಮಿಗೆ ತಂಗಿ ಮತ್ತು ಅವಳ ಮಗನ ಜೊತೆ, ಎಲ್ಲಾ ನಾವೇ ಗೊತ್ತುಮಾಡಿಕೊಂಡು ಹೋದೆವು. ಜಪಾನಿಗೆ ಮಗಳು, ಅಳಿಯನ ಬೆನ್ನು ಹಿಡಿದು ಹೋದದ್ದು. ಇಷ್ಟಕ್ಕೇ ನಮ್ಮ ಬೀದಿಯಲ್ಲಿ ನನಗೆ ಫಾರಿನ್ ಮೇಡಂ ಅಂತ ಹೆಸರು ಬಿದ್ದಿದೆ.

ಈಚೆಗೆ ಮೂರು ಮನೆಯವರು ಒಬ್ಬರಾದ ಮೇಲೆ ಒಬ್ಬರು ಬಂದರು. ಎದುರು ಮನೆಯ ಬಟ್ಟೆ ಅಂಗಡಿಯವರು ವಯಸ್ಸಾದ ಅಪ್ಪ ಅಮ್ಮನಿಗೆ ಒಂದು ದೇಶ ತೋರಿಸಬೇಕು ಅಂತಿದ್ದಾರೆ. ದುಡ್ಡಿಗೆ ತೊಂದರೆ ಇಲ್ಲ, ಆದರೆ ಅಂಗಡಿ ಬಿಟ್ಟು ಹತ್ತು ದಿನಕ್ಕಿಂತ ಜಾಸ್ತಿ ಇರೋಕೆ ಆಗಲ್ಲ. ಮೂಲೆ ಮನೆಯಲ್ಲಿ ಹೊಸದಾಗಿ ಮದುವೆಯಾದ ಜೋಡಿ. ಇಬ್ಬರಿಗೂ ಸೇರಿ ಎರಡು ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಮೂರನೆಯವರು ಕಾಲೇಜಿನ ಲೆಕ್ಚರರ್ ದಂಪತಿ, ಜೊತೆಗೆ ಎಂಟನೇ ಕ್ಲಾಸು ಮತ್ತು ಪಿಯುಸಿಯ ಎರಡು ಮಕ್ಕಳು. ಮಕ್ಕಳಿಗೆ ರಜೆ ಇದ್ದಾಗ ಮಾತ್ರ ಹೊರಡಬಹುದು. ಮೂವರೂ ಕೇಳಿದ್ದು ಒಂದೇ. ಈ ಮೂರರಲ್ಲಿ ಯಾವುದು ಚೆನ್ನಾಗಿದೆ ಮೇಡಂ?

ಮೂರೂ ಚೆನ್ನಾಗಿವೆ. ಯಾವುದು ಚೆಂದ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು, ಊಟಕ್ಕೆ ಎಲ್ಲರಿಗಿಂತ ಜಾಸ್ತಿ ತಕರಾರು ಮಾಡುವವರು ಯಾರು? ಅವರಿಬ್ಬರ ಹೆಸರು ಹೇಳಿ, ದೇಶ ನಾನು ಹೇಳುತ್ತೇನೆ.

ಯುರೋಪ್ ಯಾಕಿಲ್ಲ ಅಂತ ಕೇಳಬಹುದು. ಒಂದೇ ಪ್ರವಾಸದಲ್ಲಿ ಐದು ದೇಶ ಅಂತ ಬಸ್ಸಿನಲ್ಲಿ ಕೂರಿಸಿ ಓಡಿಸುವ ಟೂರು ನನಗೆ ಇಷ್ಟವಿಲ್ಲ, ಷೆಂಗೆನ್ ವೀಸಾದ ಅಪಾಯಿಂಟ್‌ಮೆಂಟಿಗೆ ಕಾಯುವ ತಾಳ್ಮೆಯೂ ಇಲ್ಲ. ಶ್ರೀಲಂಕಾ ಒಳ್ಳೆಯ ಊರು, ಆದರೆ ಇವರೆಲ್ಲ ಕೇಳಿದ್ದು ದೂರದ ದೇಶ.

ಅಳೆಯುವುದು ಹೇಗೆ

ನಾನು ಐದು ಸಂಗತಿ ನೋಡುತ್ತೇನೆ. ಮೊಣಕಾಲು, ಹೊಟ್ಟೆ, ರಜೆ ಸಿಗುವ ತಿಂಗಳು, ದುಡ್ಡು, ಮತ್ತೆ ಕಿರಿಕಿರಿ ತಡೆದುಕೊಳ್ಳುವ ಶಕ್ತಿ. ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರವಾಸ ಕೆಡುವುದು ಹೆಚ್ಚಾಗಿ ಅದರಿಂದಲೇ.

ಮೊಣಕಾಲಿಗೆ ನಮ್ಮ ಹತ್ತಿರವೇ ಒಂದು ಪರೀಕ್ಷೆ ಇದೆ. ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕರೆದುಕೊಂಡು ಚಿತ್ರದುರ್ಗಕ್ಕೆ ಹೋಗಿ. ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ, ಒಂದು ಗಂಟೆಯ ದಾರಿ. ಏಳು ಸುತ್ತಿನ ಕೋಟೆ ಹತ್ತಿಸಿ. ಅವಸರ ಮಾಡಬೇಡಿ, ಸುಮ್ನೆ ಜೊತೆಗೆ ನಡೆಯುತ್ತಾ ನೋಡುತ್ತಿರಿ.

ಮಧ್ಯೆ ಒಂದೆರಡು ಸಲ ಕೂತು ಏಕನಾಥೇಶ್ವರಿ ಗುಡಿಯವರೆಗೆ ಬಂದರೆ ಈಜಿಪ್ಟಿಗೆ ಸಾಕು. ಅಲ್ಲಿ ನಡಿಗೆ ಇದೆ, ಆದರೆ ಬಸ್ಸು ಮತ್ತು ಹಡಗು ಹತ್ತಿರದವರೆಗೂ ಒಯ್ಯುತ್ತವೆ. ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ ಎಲ್ಲಾ ಸುತ್ತಿ ಮೂರು ಗಂಟೆಯಲ್ಲಿ ನಗುತ್ತಾ ಕೆಳಗಿಳಿದರೆ ವಿಯೆಟ್ನಾಂ ಆದೀತು. ಇಷ್ಟೆಲ್ಲ ಸುತ್ತಿ, ಮಾರನೇ ದಿನ ಬೆಳಿಗ್ಗೆ ಎದ್ದು ಚಂದ್ರವಳ್ಳಿಗೂ ಹೋಗೋಣ ಅಂದರೆ ಜಪಾನಿಗೆ ಟಿಕೆಟ್ ಮಾಡಿಸಿ. ಜಪಾನಿನಲ್ಲಿ ನಮ್ಮನ್ನು ಕಡಿದಾದ ಕೋಟೆ ಹತ್ತಿಸಲಿಲ್ಲ ನಿಜ, ಆದರೆ ದಿನಾ ನಡೆಸುತ್ತಾರೆ. ನಮ್ಮ ಮಗಳ ಫೋನು ಒಂದೊಂದು ದಿನ ಇಪ್ಪತ್ತು ಸಾವಿರ ಹೆಜ್ಜೆ ತೋರಿಸುತ್ತಿತ್ತು.

ಇನ್ನೊಂದು ಚಿಕ್ಕ ಪರೀಕ್ಷೆ. ಓಬವ್ವನ ಕಿಂಡಿಯಲ್ಲಿ ಬಗ್ಗಿ ತೂರಲು ಯಾರಿಗೆ ಉಸಿರು ಕಟ್ಟಿದಂತಾಗುತ್ತದೋ ಅವರು ಪಿರಮಿಡ್ಡಿನ ಒಳಗೆ ಹೋಗುವುದು ಬೇಡ. ವಿಯೆಟ್ನಾಮಿನಲ್ಲಿ ಯುದ್ಧಕಾಲದಲ್ಲಿ ತೋಡಿದ ಕು ಚಿ ಅನ್ನುವ ಇಕ್ಕಟ್ಟಿನ ಸುರಂಗಕ್ಕಂತೂ ಬೇಡವೇ ಬೇಡ.

ಈಜಿಪ್ಟ್: ಕಣ್ಣಿಗೆ ಹಬ್ಬ, ಕಿವಿಗೆ ಕಿರಿಕಿರಿ

ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ತಡೆದುಕೊಳ್ಳಿ. ನೈಲ್ ನದಿಯ ನಕ್ಷೆಯನ್ನು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೋ ಲೆಕ್ಕವಿಲ್ಲ.

ಕೈರೋ ಪಕ್ಕದ ಗೀಜಾದಲ್ಲಿರುವ ಖುಫು ರಾಜನ ಪಿರಮಿಡ್ಡಿಗೆ ಸುಮಾರು 4,500 ವರ್ಷ. ಕಟ್ಟಿದಾಗ 146 ಮೀಟರ್ ಎತ್ತರವಿತ್ತು, ಈಗ 138ರ ಆಸುಪಾಸು. ಸುಮಾರು 23 ಲಕ್ಷ ಕಲ್ಲು ಅಂತ ಪಾಠದಲ್ಲಿ ಹೇಳುವುದು ಸುಲಭ. ಬುಡದಲ್ಲಿ ನಿಂತಾಗ ಒಂದೊಂದು ಕಲ್ಲು ನನ್ನ ಎದೆಮಟ್ಟ ಬಂತು. ಅದರ ಪಕ್ಕದಲ್ಲೇ ಈಗ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಇದೆ. 2025ರ ನವೆಂಬರಿನಲ್ಲಿ ಪೂರ್ತಿ ತೆರೆಯಿತು. 1922ರಲ್ಲಿ ಹೊವಾರ್ಡ್ ಕಾರ್ಟರ್ ಕಂಡುಹಿಡಿದ ಟುಟಂಖಾಮನ್ ರಾಜನ ಸಮಾಧಿಯ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಅಲ್ಲಿ ಒಂದೇ ಕಡೆ ಇವೆ. ನಾವು ಹೋಗಿದ್ದು ಅದಕ್ಕೆ ಮೊದಲು. ಈಗ ಹೋಗುವವರ ಮೇಲೆ ನನಗೆ ಸ್ವಲ್ಪ ಹೊಟ್ಟೆಯುರಿಯೇ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಪಿರಮಿಡ್ ಅಲ್ಲ, ನೈಲ್ ಮೇಲಿನ ಹಡಗು. ಲಕ್ಸರ್ ಮತ್ತು ಅಸ್ವಾನ್ ನಡುವೆ ಮೂರೋ ನಾಲ್ಕೋ ರಾತ್ರಿ. ಪೆಟ್ಟಿಗೆಯನ್ನು ರೂಮಿನಲ್ಲಿ ಒಂದು ಸಲ ಬಿಚ್ಚಿಟ್ಟರೆ ಮುಗಿಯಿತು, ಹಡಗೇ ನಿಮ್ಮನ್ನು ಎಡ್ಫು, ಕೋಂ ಓಂಬೊ ಅನ್ನುವ ದೇವಸ್ಥಾನದ ಊರುಗಳಿಗೆ ಒಯ್ಯುತ್ತದೆ. ಕೋಂ ಓಂಬೊದಲ್ಲಿ ಮೊಸಳೆ ದೇವರು. ಮಮ್ಮಿ ಮಾಡಿಟ್ಟ ಮೊಸಳೆಗಳನ್ನೂ ತೋರಿಸುತ್ತಾರೆ. ಕಾಲುನೋವಿನವರು ಒಂದು ದೇವಸ್ಥಾನ ಬಿಟ್ಟು ಡೆಕ್ಕಿನ ಮೇಲೆ ಕೂತರೂ ನಷ್ಟವಿಲ್ಲ. ಕಬ್ಬಿನ ಗದ್ದೆ, ಈಚಲ ಮರ, ಕತ್ತೆ ಓಡಿಸಿಕೊಂಡು ಹೋಗುವ ಹುಡುಗರು, ಎಲ್ಲಾ ಮುಂದೆಯೇ ಹಾದುಹೋಗುತ್ತವೆ. ನಮ್ಮನೆಯವರು ಅರ್ಧ ಈಜಿಪ್ಟನ್ನು ಕುರ್ಚಿಯಲ್ಲಿ ಕೂತೇ ನೋಡಿದರು.

ಲಕ್ಸರಿನ ಕಾರ್ನಾಕ್ ದೇವಾಲಯದಲ್ಲಿ 134 ಕಂಬಗಳ ಒಂದು ಸಭಾಂಗಣವಿದೆ. ಸಮತಟ್ಟು ನೆಲ, ವಯಸ್ಸಾದವರಿಗೂ ಆರಾಮ. ಆದರೆ ರಾಜರ ಕಣಿವೆಯಲ್ಲಿ ಸಮಾಧಿಗಳಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ಸಾಮಾನ್ಯ ಟಿಕೆಟ್‌ಗೆ ಮೂರು ಸಮಾಧಿ ನೋಡಬಹುದು, ಟುಟಂಖಾಮನ್ ಸಮಾಧಿಗೆ ಬೇರೆ ಟಿಕೆಟ್. ಮೊಣಕಾಲು ನೋವಿನವರು ಇಳಿಜಾರು ಕಡಿಮೆ ಇರುವುದು ಯಾವುದು ಅಂತ ಗೈಡ್ ಹತ್ತಿರ ಕೇಳಿ ಒಂದನ್ನು ನೋಡಿದರೆ ಸಾಕು. ಪಿರಮಿಡ್ಡಿನ ಒಳಗೆ ಹೋಗದಿದ್ದರೂ ನಡೆಯುತ್ತೆ. ಬಗ್ಗಿಕೊಂಡು ಹತ್ತಿ ಹೋದರೆ ಕೊನೆಗೆ ಸಿಗುವುದು ಒಂದು ಖಾಲಿ ಕೋಣೆ, ಒಂದು ಕಲ್ಲಿನ ಪೆಟ್ಟಿಗೆ.

ಅಬು ಸಿಂಬೆಲ್ ದೇವಾಲಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಸ್ವಾನಿನಿಂದ ಮರುಭೂಮಿಯಲ್ಲಿ ಹೋಗೋಕೆ ಮೂರೂವರೆ ಗಂಟೆ, ಬರೋಕೆ ಅಷ್ಟೇ. ನಸುಕಿನಲ್ಲೇ ಎಬ್ಬಿಸುತ್ತಾರೆ. ಎರಡನೇ ರಾಮ್ಸೆಸ್ ಬಂಡೆಯಲ್ಲಿ ಕೊರೆಸಿದ ಈ ದೇವಾಲಯ ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಿತ್ತು. 1964ರಿಂದ 1968ರವರೆಗೆ ಅದನ್ನು ತುಂಡುತುಂಡಾಗಿ ಕುಯ್ದು, 65 ಮೀಟರ್ ಮೇಲಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು. ಕುಯ್ದ ಗುರುತು ಹುಡುಕಿ ಹುಡುಕಿ ನನ್ನ ಕಣ್ಣು ಸೋತಿತು. ದೇವರನ್ನು ಹೀಗೆ ಮೇಲೆತ್ತಿದರು, ಅಲ್ಲಿದ್ದ ನೂಬಿಯನ್ ಜನ ಮಾತ್ರ ಊರು ಬಿಟ್ಟು ಎದ್ದು ಹೋಗಬೇಕಾಯಿತು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರ ಕಥೆ ನಮ್ಮ ಕಡೆಗೂ ಹೊಸದಲ್ಲ, ಅಲ್ವಾ? ಏಳು ಗಂಟೆ ಬಸ್ಸಿನಲ್ಲಿ ಕೂರೋಕೆ ಆಗುತ್ತೆ ಅನ್ನುವವರು ತಪ್ಪಿಸಿಕೊಳ್ಳಬೇಡಿ.

ಊಟ? ಸಸ್ಯಾಹಾರಿಗಳಿಗೆ ಈ ಮೂರರಲ್ಲಿ ಈಜಿಪ್ಟೇ ಸುಲಭ. ಕೊಶರಿ ಅಂತ ಸಿಗುತ್ತೆ. ಅನ್ನ, ಬೇಳೆ, ಮ್ಯಾಕರೋನಿ, ಕಡಲೆಕಾಳು, ಮೇಲೆ ಟೊಮೆಟೊ ಗೊಜ್ಜು, ಕರಿದ ಈರುಳ್ಳಿ. ಕೇಳೋಕೆ ವಿಚಿತ್ರ, ತಿಂದರೆ ಬಿಸಿಬೇಳೆಬಾತಿನ ದೂರದ ನೆಂಟ. ಬೀದಿಯಲ್ಲಿ ತಾಮಿಯಾ ಅಂತ ಸಿಗುತ್ತೆ, ಕಾಳು ರುಬ್ಬಿ ಎಣ್ಣೆಯಲ್ಲಿ ಕರಿದ ವಡೆ. ಫೂಲ್ ಅಂದರೆ ಬೇಯಿಸಿದ ಕಾಳಿನ ಪಲ್ಯ, ಜೊತೆಗೆ ದಪ್ಪ ರೊಟ್ಟಿ. ಖಾರ ಮಾತ್ರ ಇಲ್ಲ. ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಒಯ್ದರೆ ಎಂಟು ದಿನ ಯಾರೂ ಗೊಣಗುವುದಿಲ್ಲ.

ಇನ್ನು ಕಿರಿಕಿರಿ. ಬಕ್ಷೀಸು, ಬಕ್ಷೀಸು, ಬಕ್ಷೀಸು. ಬಾಗಿಲು ತೋರಿಸಿದವನಿಗೆ, ಫೋಟೊ ತೆಗೆದವನಿಗೆ, ಶೌಚಾಲಯದ ಹೊರಗೆ ಟಿಶ್ಯೂ ಕೊಟ್ಟವನಿಗೆ, ಎಲ್ಲರಿಗೂ ಕೊಡಬೇಕು. ಒಂಟೆಯವನು ಹತ್ತಿಸೋಕೆ ಒಂದು ರೇಟು ಹೇಳಿದ, ಇಳಿಸೋಕೆ ಇನ್ನೊಂದು. ನಾನು ಮೇಲೆ ಕೂತು ಕನ್ನಡದಲ್ಲಿ ಬೈದೆ. ಅವನು ನಗುತ್ತಾ ನಿಂತಿದ್ದ, ಕೊನೆಗೆ ಕೊಟ್ಟೇ ಇಳಿದೆ. ಇಂಥದಕ್ಕೆಲ್ಲ ರಕ್ತದೊತ್ತಡ ಏರುವವರು ನಿಮ್ಮ ಮನೆಯಲ್ಲಿದ್ದರೆ ಗುಂಪಿನಲ್ಲಿ, ಇಲ್ಲವೇ ಗೈಡ್ ಇಟ್ಟುಕೊಂಡು ಹೋಗಿ. ಈಜಿಪ್ಟಿಗೆ ಮಾತ್ರ ನಾನು ಟೂರಿನವರ ಪರ. ವೀಸಾವನ್ನೂ ಇಲ್ಲಿಂದ ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ, ಟೂರಿನವರಾದರೆ ಅವರೇ ಮಾಡಿಸುತ್ತಾರೆ.

ಆದರೆ ಟೂರಿನವರನ್ನು ಪ್ರಶ್ನೆ ಕೇಳದೆ ನಂಬಬೇಡಿ. ನಮಗೆ ದಿನಾ ಇಂಡಿಯನ್ ಊಟ ಅಂತ ಹೇಳಿದ್ದರು. ಕೊಟ್ಟರು. ಆದರೆ ಕೈರೋದ ಟ್ರಾಫಿಕ್ಕಿನಲ್ಲಿ ಅದಕ್ಕಾಗಿ ದಿನಾ ಮುಕ್ಕಾಲು ಗಂಟೆ ಬಸ್ಸು. ಹೋಟೆಲು ಊರಿನ ಹೊರಗೆ, ಸುತ್ತ ಏನೂ ಇಲ್ಲ. ದಿನದ ಟಿಪ್ಸ್ ಅಂತ ಡಾಲರ್ ಬೇರೆ ವಸೂಲಿ, ಅದು ಬ್ರೋಷರಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಹೋಟೆಲಿನ ಹೆಸರೇನು, ಟಿಪ್ಸ್ ಸೇರಿದೆಯಾ, ಯಾವ ಟಿಕೆಟ್‌ಗಳು ಸೇರಿಲ್ಲ? ಬಾಯಲ್ಲಿ ಹೇಳಿದ್ದು ಬೇಡ, ಬರೆದು ಕೊಡಲಿ.

ವಿಯೆಟ್ನಾಂ: ಕಡಿಮೆ ದುಡ್ಡಿಗೆ ಜಾಸ್ತಿ ದೇಶ

ಮೊದಲ ಸಲ ವಿದೇಶಕ್ಕೆ ಹೋಗುವವರಿಗೆ, ಅದೂ ದುಡ್ಡು ಅಳೆದು ಸುರಿದು ಹೋಗುವವರಿಗೆ, ನಾನು ಇದನ್ನೇ ಹೇಳುವುದು. ವೀಸಾ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಬಹುದು. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ. ಸರ್ಕಾರಿ ವೆಬ್‌ಸೈಟಿನಂತೆಯೇ ಕಾಣುವ ದಲ್ಲಾಳಿಗಳ ಸೈಟು ಬೇಕಾದಷ್ಟಿವೆ, ಅವುಗಳಲ್ಲಿ ಜಾಸ್ತಿ ಕಟ್ಟಿ ಮೋಸ ಹೋಗಬೇಡಿ. ನೇರ ವಿಮಾನ ಸಿಕ್ಕರೆ ಬೆಂಗಳೂರಿನಿಂದ ಹೋ ಚಿ ಮಿನ್ ನಗರಕ್ಕೆ ಐದು ಗಂಟೆಯ ಆಸುಪಾಸು. ಇಲ್ಲವಾದರೆ ಬ್ಯಾಂಕಾಕ್, ಕೌಲಾಲಂಪುರ, ಸಿಂಗಾಪುರ ಹೀಗೆ ಎಲ್ಲೋ ಒಂದು ಕಡೆ ಇಳಿದು ಹತ್ತಬೇಕು.

ದೇಶ ಉದ್ದಕ್ಕೆ ಚಾಚಿಕೊಂಡಿದೆ, ಇದೇ ಮುಖ್ಯ ತೊಡಕು. ಉತ್ತರದ ಹನೋಯಿಯಿಂದ ದಕ್ಷಿಣದ ಹೋ ಚಿ ಮಿನ್ ನಗರಕ್ಕೆ ರೈಲು ದಾರಿ 1,726 ಕಿಲೋಮೀಟರ್, ಮೂವತ್ತು ಗಂಟೆಗೂ ಮೇಲೆ ಕೂರಬೇಕು. ರೈಲಿನ ಹುಚ್ಚು ಇಲ್ಲದಿದ್ದರೆ ಮಧ್ಯೆ ವಿಮಾನ ಹಿಡಿಯಿರಿ. ಒಂದು ವಾರ ಮಾತ್ರ ಇದ್ದರೆ ದಕ್ಷಿಣ ಬಿಟ್ಟುಬಿಡಿ. ಹನೋಯಿ, ಹಾ ಲಾಂಗ್ ಕೊಲ್ಲಿ, ಆಮೇಲೆ ಡಾ ನಾಂಗ್‌ಗೆ ಹಾರಿ ಹೋಯ್ ಆನ್. ಅಷ್ಟು ಸಾಕು.

ಹಾ ಲಾಂಗ್ ಕೊಲ್ಲಿಯಲ್ಲಿ ಸಮುದ್ರದ ತುಂಬ ಸುಣ್ಣಕಲ್ಲಿನ ಗುಡ್ಡಗಳು, ಸಾವಿರದಾರುನೂರಕ್ಕೂ ಹೆಚ್ಚು. 1994ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಒಂದು ರಾತ್ರಿ ದೋಣಿಯಲ್ಲೇ ಉಳಿಯಿರಿ. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರವಾಸದಲ್ಲಿ ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತದೆ. ಹೋಯ್ ಆನ್ ಹಳೆಯ ವ್ಯಾಪಾರದ ಊರು. ಸಂಜೆಯಾದರೆ ಬೀದಿಬೀದಿಗೂ ಬಣ್ಣದ ಲಾಟೀನು. ತಂಗಿ ಅಲ್ಲಿ ಬಟ್ಟೆ ಹೊಲಿಸಿಕೊಂಡಳು, ಒಂದೇ ದಿನದಲ್ಲಿ ಕೊಟ್ಟರು. ನಮ್ಮ ಟೈಲರ್‌ಗಳು ಕೇಳಿಸಿಕೊಳ್ಳಬೇಕು.

ಅಲ್ಲಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮಿ ಸನ್ ಇದೆ. ಪ್ಯಾಕೇಜಿನವರು ಎಷ್ಟೋ ಸಲ ಇದನ್ನು ಬಿಟ್ಟು ಬಾ ನಾ ಬೆಟ್ಟದಲ್ಲಿ ಎರಡು ದೊಡ್ಡ ಕೈಗಳು ಎತ್ತಿ ಹಿಡಿದಂತಿರುವ ಸೇತುವೆಗೆ ಒಯ್ಯುತ್ತಾರೆ. ಫೋಟೊಗೆ ಸೇತುವೆ ಚೆನ್ನಾಗಿದೆ, ಇಲ್ಲ ಅನ್ನೋದಿಲ್ಲ. ಆದರೆ ಮಿ ಸನ್‌ನಲ್ಲಿರುವುದು ಹಿಂದೆ ಆ ಕಡೆ ಆಳಿದ ಚಾಂಪಾ ರಾಜರು ಕಟ್ಟಿಸಿದ ಶಿವನ ಗುಡಿಗಳು, ನಾಲ್ಕನೇ ಶತಮಾನದಿಂದ ನಡೆದು ಬಂದ ಜಾಗ. ಅಮೆರಿಕದ ಬಾಂಬಿಗೆ ಅರ್ಧ ಬಿದ್ದುಹೋಗಿವೆ. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೇ ಅಲ್ಲಿ ದುರಸ್ತಿ ಕೆಲಸ ಮಾಡಿದ್ದಾರೆ. 2020ರಲ್ಲಿ ಹಾಗೆ ಕೆಲಸ ಮಾಡುವಾಗ ಒಂಬತ್ತನೇ ಶತಮಾನದ ಒಂದು ಶಿವಲಿಂಗ ಸಿಕ್ಕಿತು. ಇಟ್ಟಿಗೆ ಗೋಡೆಯ ಸಂದಿನಲ್ಲಿ ಹುಲ್ಲು ಬೆಳೆದ ಆ ಗುಡಿಯ ಮುಂದೆ ತಂಗಿ ತನ್ನಷ್ಟಕ್ಕೆ ಕೈ ಮುಗಿದಳು. ಊರಿಂದ ಇಷ್ಟು ದೂರ ಬಂದರೂ ಇವನು ಬಿಡಲಿಲ್ಲವಲ್ಲ ಅಂದಳು.

ಊಟದಲ್ಲಿ ಹುಷಾರಾಗಿರಬೇಕು. ಮೀನಿನ ಸಾಸು ಎಲ್ಲದರಲ್ಲೂ ಇರುತ್ತದೆ, ಬರೀ ತರಕಾರಿ ಅಂದರೂ ಇರುತ್ತದೆ. ನೆನಪಿಟ್ಟುಕೊಳ್ಳಬೇಕಾದ ಒಂದೇ ಪದ ‘ಚಾಯ್’. ಅಲ್ಲಿ ಅದು ಟೀ ಅಲ್ಲ, ಸಸ್ಯಾಹಾರ. ಬೌದ್ಧರು ಚಾಂದ್ರಮಾನದ ಒಂದನೇ ಮತ್ತು ಹದಿನೈದನೇ ದಿನ ಮಾಂಸ ಬಿಡುವುದರಿಂದ ‘ಕೋಂ ಚಾಯ್’ ಬೋರ್ಡಿನ ಸಣ್ಣ ಹೋಟೆಲುಗಳು ಊರೂರಿಗೂ ಇವೆ. ಅಲ್ಲಿ ಕಣ್ಣು ಮುಚ್ಚಿ ತಿನ್ನಬಹುದು. ಕಾಫಿ ಬಗ್ಗೆ ಹೇಳಲೇಬೇಕು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ಸಣ್ಣ ಫಿಲ್ಟರಿನಿಂದ ತೊಟ್ಟು ತೊಟ್ಟಾಗಿ ಇಳಿಸಿ, ಕೆಳಗೆ ಗಟ್ಟಿ ಸಿಹಿ ಹಾಲು. ಹನೋಯಿಯಲ್ಲಿ ಮೊಟ್ಟೆ ಕಾಫಿ ಕೊಡುತ್ತಾರೆ, ಮೊಟ್ಟೆ ತಿನ್ನದವರು ಮೊದಲೇ ಕೇಳಿ.

ದುಡ್ಡಿನ ವಿಷಯದಲ್ಲಿ ಸೊನ್ನೆಗಳು ತಲೆ ತಿರುಗಿಸುತ್ತವೆ. ಇಪ್ಪತ್ತು ಸಾವಿರ ಡಾಂಗ್ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ತಂಗಿಯ ಮಗ ಟ್ಯಾಕ್ಸಿಯವನಿಗೆ ಒಂದಕ್ಕೆ ಇನ್ನೊಂದು ಕೊಟ್ಟ. ಅವನು ಒಳ್ಳೆಯವನು, ವಾಪಸ್ ಕೊಟ್ಟ. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿ ಇಡಿ. ಹನೋಯಿಯಲ್ಲಿ ರಸ್ತೆ ದಾಟುವುದು ಇನ್ನೊಂದು ವಿದ್ಯೆ. ಸ್ಕೂಟರಿನ ಹೊಳೆಯಲ್ಲಿ ನಿಧಾನವಾಗಿ, ನಿಲ್ಲದೆ, ಓಡದೆ ನಡೆಯಬೇಕು. ಅವರೇ ಬಳಸಿಕೊಂಡು ಹೋಗುತ್ತಾರೆ. ಮೊದಲ ದಿನ ನಮ್ಮೂರಿನ ಅಶೋಕ ರಸ್ತೆಯ ಗೇಟಿನಲ್ಲಿ ರೈಲಿಗೆ ಕಾದ ಹಾಗೆ ಕಾದೆವು.

ಜಪಾನ್: ಎಲ್ಲಾ ಸರಿ, ನಡೆಯಬೇಕು, ತೆರಬೇಕು

ಜಪಾನ್ ಬಗ್ಗೆ ಕಡಿಮೆ ಹೇಳುತ್ತೇನೆ. ಅಲ್ಲಿ ತೊಂದರೆಯೇ ಕಡಿಮೆ, ಹೇಳೋಕೆ ಕಥೆಯೂ ಕಡಿಮೆ. ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನವಿದೆ. ರೈಲು ಹೇಳಿದ ನಿಮಿಷಕ್ಕೆ ಬರುತ್ತೆ. ನಲ್ಲಿ ನೀರು ಕುಡಿಯಬಹುದು. ಟಿಪ್ಸ್ ಕೊಡೋ ಹಾಗೇ ಇಲ್ಲ. ಈಜಿಪ್ಟಿನಿಂದ ಬಂದವಳಿಗೆ ಇದೊಂದೇ ಸಾಕಿತ್ತು.

ಮಕ್ಕಳಿಗೆ, ಅದರಲ್ಲೂ ಹೈಸ್ಕೂಲು ಮೀರಿದವರಿಗೆ, ಇಷ್ಟು ಹಿಡಿಸುವ ದೇಶ ನಾನು ಕಂಡಿಲ್ಲ. ಬುಲೆಟ್ ರೈಲು 1964ರಲ್ಲಿ ಶುರುವಾದದ್ದು, ಟೋಕಿಯೊದಿಂದ ಕ್ಯೋಟೋಗೆ ಎರಡೂಕಾಲು ಗಂಟೆ. ನಾರಾದಲ್ಲಿ ಜಿಂಕೆಗಳು ಬಿಸ್ಕತ್ತಿಗೆ ತಲೆ ಬಾಗಿಸುತ್ತವೆ. ಕ್ಯೋಟೋದ ಫುಶಿಮಿ ಇನಾರಿ ಗುಡಿಯಲ್ಲಿ ಸಾವಿರಾರು ಕೆಂಪು ಕಮಾನುಗಳ ಕೆಳಗೆ ಬೆಟ್ಟ ಹತ್ತಬೇಕು, ವಯಸ್ಸಾದವರು ಅರ್ಧಕ್ಕೇ ತಿರುಗಿದರೂ ಚೆಂದದ ಭಾಗ ಕಂಡಿರುತ್ತದೆ. ಹಿರೋಷಿಮಾಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕಾ ಅಂತ ಲೆಕ್ಚರರ್ ಮೇಡಂ ಕೇಳಿದರು. 1945ರ ಆಗಸ್ಟ್ 6ರ ಅಣುಬಾಂಬಿನ ಪಾಠವನ್ನು ಎಷ್ಟೋ ಸಲ ಮಾಡಿದ್ದ ನನಗೇ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಸುಟ್ಟ ಊಟದ ಡಬ್ಬಿ ನೋಡಿ ಮಾತು ಹೊರಡಲಿಲ್ಲ. ಪಿಯುಸಿ ಹುಡುಗನಿಗೆ ಸರಿ. ಎಂಟನೇ ಕ್ಲಾಸಿನ ಮಗು ಮೆತ್ತಗಿನ ಸ್ವಭಾವದ್ದಾದರೆ ಹೊರಗಿನ ಉದ್ಯಾನ ಸಾಕು.

ಈಗ ಅಡ್ಡಿಗಳು. ಸಸ್ಯಾಹಾರಿಗಳಿಗೆ ಮೂರರಲ್ಲಿ ಇದೇ ಕಷ್ಟ. ದಾಶಿ ಅಂತ ಮೀನಿನ ಸಾರು, ಸೂಪಿನಲ್ಲಿ, ನೂಡಲ್ಸಿನಲ್ಲಿ, ಎಷ್ಟೋ ಸಲ ಪಲ್ಯದಲ್ಲೂ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಟೋಕಿಯೊದ ನಿಶಿಕಸಾಯಿ ಕಡೆ ಭಾರತೀಯರು ಜಾಸ್ತಿ, ಅಲ್ಲಿ ಊಟ ಸಿಗುತ್ತೆ. ಉಳಿದ ಕಡೆ ಕಡಕ್ ಜೋಳದ ರೊಟ್ಟಿ, ಚಟ್ನಿಪುಡಿ, ಅವಲಕ್ಕಿಯೇ ಗತಿ. ನಾವು ಕ್ಯೋಟೋದ ಹೋಟೆಲಿನಲ್ಲಿ ಖಾರಮಂಡಕ್ಕಿ ತಿಂದು ಮಲಗಿದ ರಾತ್ರಿಗಳುಂಟು. ಹಸಿ ಹಣ್ಣು, ಸೊಪ್ಪು ಮಾತ್ರ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ರೈಲು ಪಾಸ್ ತಗೊಂಡರೇ ಅಗ್ಗ ಅನ್ನುವ ಹಳೆಯ ಸಲಹೆ ನಂಬಬೇಡಿ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೋಗೆ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬರೋದು ಅಷ್ಟೇ ಆದರೆ ಬಿಡಿ ಟಿಕೆಟ್ಟೇ ಅಗ್ಗ. ಹಿರೋಷಿಮಾ ಸೇರಿಸಿದಾಗ ಮಾತ್ರ ಕೂತು ಲೆಕ್ಕ ಹಾಕಿ. ದೊಡ್ಡ ಪೆಟ್ಟಿಗೆಗಳನ್ನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಕೊರಿಯರಿನಲ್ಲಿ ಕಳಿಸುವ ವ್ಯವಸ್ಥೆ ಅಲ್ಲಿದೆ, ಖರ್ಚಾದರೂ ಮಾಡಿ. ಹೋಟೆಲಿನ ರೂಮುಗಳು ಎಷ್ಟು ಸಣ್ಣವೆಂದರೆ ಪೆಟ್ಟಿಗೆ ಬಿಚ್ಚಲು ಒಬ್ಬರು ಮಂಚ ಹತ್ತಿ ಕೂರಬೇಕು. ವೀಸಾಗೆ ಶುಲ್ಕ ಕಡಿಮೆ, ಕಾಗದ ಜಾಸ್ತಿ. ಬ್ಯಾಂಕ್ ಸ್ಟೇಟ್‌ಮೆಂಟು, ಐಟಿ ರಿಟರ್ನು, ಯಾವ ದಿನ ಯಾವ ಊರು ಅನ್ನುವ ಪಟ್ಟಿ, ಎಲ್ಲಾ ಕೊಡಬೇಕು.

ಯಾವ ರಜೆಗೆ ಯಾವ ದೇಶ

ಲೆಕ್ಚರರ್ ಮನೆಯವರಿಗೆ ಇದೇ ಮುಖ್ಯ. ಅಕ್ಟೋಬರಿನ ದಸರಾ ರಜೆಗೆ ಜಪಾನ್ ಒಳ್ಳೆಯದು, ಚಳಿಯೂ ಇಲ್ಲ, ಸೆಖೆಯೂ ಇಲ್ಲ. ಎಲೆ ಕೆಂಪಾಗುವುದು ನೋಡಬೇಕಾದರೆ ನವೆಂಬರ್ ಬೇಕು, ಆಗ ನಮ್ಮಲ್ಲಿ ರಜೆ ಇರೋದಿಲ್ಲ. ಈಜಿಪ್ಟಿನಲ್ಲಿ ಅಕ್ಟೋಬರಿನಿಂದ ಬಿಸಿಲು ಇಳಿಯುತ್ತಾ ಬರುತ್ತದೆ. ವಿಯೆಟ್ನಾಮಿನ ಮಧ್ಯಭಾಗದಲ್ಲಿ, ಅಂದರೆ ಹೋಯ್ ಆನ್ ಕಡೆ, ಅಕ್ಟೋಬರ್ ಮತ್ತು ನವೆಂಬರ್ ಮಳೆ, ಪ್ರವಾಹದ ಕಾಲ. ದಸರಾಗೆ ಅದು ಬೇಡ.

ಬೇಸಿಗೆ ರಜೆಗೆ? ಏಪ್ರಿಲ್ ಮೊದಲ ವಾರ ಜಪಾನಿನಲ್ಲಿ ಚೆರ್ರಿ ಹೂವು, ಆದರೆ ರೇಟು ಗಗನದಲ್ಲಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅಲ್ಲಿಯವರಿಗೇ ಸಾಲು ರಜೆ, ರೈಲು ಹೋಟೆಲು ಎಲ್ಲಾ ಭರ್ತಿ, ಆಗ ಹೋಗಲೇಬೇಡಿ. ಏಪ್ರಿಲ್ಲಿನಲ್ಲಿ ಹೋಯ್ ಆನ್ ಚೆನ್ನಾಗಿರುತ್ತದೆ. ಮೇ ತಿಂಗಳಲ್ಲಿ ಈಜಿಪ್ಟ್ ಮಾತೇ ಬೇಡ. ಚಳ್ಳಕೆರೆ, ಮೊಳಕಾಲ್ಮೂರಿನ ಬಿಸಿಲು ಕಂಡವರು ನಾವು ಅಂತ ಎದೆ ತಟ್ಟಿಕೊಳ್ಳಬೇಡಿ. ಲಕ್ಸರಿನಲ್ಲಿ ನಲವತ್ತು ದಾಟುತ್ತದೆ, ನೆರಳು ಇಲ್ಲ. ಡಿಸೆಂಬರ್, ಜನವರಿಯಲ್ಲಿ ಈಜಿಪ್ಟ್ ಹಿತ, ಹೋ ಚಿ ಮಿನ್ ನಗರ ಒಣ ಹವೆ, ಹನೋಯಿಯಲ್ಲಿ ಸ್ವೆಟರ್ ಬೇಕು. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಅವರ ಹೊಸ ವರ್ಷ ಟೆಟ್ ದಿನಗಳಲ್ಲಿ ವಿಯೆಟ್ನಾಮಿನ ಅಂಗಡಿಗಳು ಮುಚ್ಚಿರುತ್ತವೆ, ದಿನಾಂಕ ನೋಡಿಕೊಂಡು ಟಿಕೆಟ್ ಮಾಡಿ.

ದುಡ್ಡು, ಕಾಗದ

ದಾವಣಗೆರೆಯಿಂದ ದಾವಣಗೆರೆಗೆ, ತಲೆಗೆ, ಎಂಟೊಂಬತ್ತು ದಿನಕ್ಕೆ ಎಷ್ಟು ಅಂತ ನನ್ನ ಅಂದಾಜು ಹೇಳುತ್ತೇನೆ. ವಿಯೆಟ್ನಾಂ ತೊಂಬತ್ತು ಸಾವಿರದಿಂದ ಒಂದು ಲಕ್ಷ ಇಪ್ಪತ್ತು ಸಾವಿರ. ಈಜಿಪ್ಟ್ ಗುಂಪಿನಲ್ಲಿ ಒಂದೂವರೆಯಿಂದ ಎರಡು ಲಕ್ಷದೊಳಗೆ. ಜಪಾನ್ ಎರಡೂಕಾಲು ಲಕ್ಷಕ್ಕೆ ಕಡಿಮೆ ಅಂದುಕೊಳ್ಳಬೇಡಿ. ವಿಮಾನದ ಟಿಕೆಟ್ ಯಾವಾಗ ತೆಗೆದಿರಿ ಅನ್ನುವುದರ ಮೇಲೆ ಇದು ಹಿಂದೆ ಮುಂದೆ ಆಗುತ್ತದೆ. ಪ್ಯಾಕೇಜ್ ತಗೊಂಡರೆ ಅದರ ಮೇಲೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ಐಟಿ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಕೈಯಿಂದ ಅಷ್ಟು ಮುಂಚೆಯೇ ಹೋಗುತ್ತದೆ ಅನ್ನುವುದು ಲೆಕ್ಕದಲ್ಲಿರಲಿ. ವಯಸ್ಸಾದವರಿಗೆ ಪ್ರವಾಸದ ವಿಮೆ ಮಾಡಿಸಿ. ಬಿಪಿ, ಶುಗರ್ ಇರುವುದನ್ನು ಮುಚ್ಚಿಡಬೇಡಿ.

ಪಾಸ್‌ಪೋರ್ಟಿನಲ್ಲಿ ಹೊರಡುವ ದಿನದಿಂದ ಆರು ತಿಂಗಳಿಗೂ ಹೆಚ್ಚು ಅವಧಿ ಉಳಿದಿರಲಿ. ನಮ್ಮ ಕಡೆ ಇನ್ನೊಂದು ಪೇಚು ಇದೆ. ಹಿರಿಯರ ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಈಜಿಪ್ಟಿಗೆ ಹೋಗುವಾಗ ಹೇಗೂ ದುಬೈ ಮೇಲೆ ಹೋಗುತ್ತೇವಲ್ಲ, ಎರಡು ದಿನ ಅಲ್ಲೂ ಇಳಿಯೋಣ ಅಂದುಕೊಂಡರೆ ಅಲ್ಲೇ ಸಿಕ್ಕಿಬೀಳುತ್ತೀರಿ. 2022ರ ನವೆಂಬರಿನಿಂದ ಯುಎಇಯವರು ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಬಿಗಿ ಮಾಡಿದ್ದಾರೆ. ಟಿಕೆಟ್ ಮಾಡಿಸುವ ಮೊದಲೇ ಪಾಸ್‌ಪೋರ್ಟ್ ತೆಗೆದು ಹೆಸರು ಓದಿ.

ಒಂದು ದಾರಿಯ ಮಾತು. ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವರು ಬೆಂಗಳೂರಿನ ಒಳಗೆ ನುಗ್ಗಬೇಡಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ವಿಮಾನ ತಪ್ಪಿಸಿಕೊಂಡವರನ್ನು ನಾನು ಬಲ್ಲೆ.

ಮೂರು ಮನೆಗೂ ಏನು ಹೇಳಿದೆ

ಹೊಸ ಜೋಡಿಗೆ ಯೋಚನೆಯೇ ಬೇಕಿರಲಿಲ್ಲ. ಎರಡು ಲಕ್ಷಕ್ಕೆ ವಿಯೆಟ್ನಾಂ, ಫೆಬ್ರವರಿ ಕೊನೆ ಅಥವಾ ಮಾರ್ಚಿನಲ್ಲಿ, ಪ್ಯಾಕೇಜ್ ಬೇಡ. ಹುಡುಗಿ ಜಪಾನ್ ಅಂತ ಮುಖ ಸಣ್ಣ ಮಾಡಿದಳು. ಅದೇ ದುಡ್ಡಿಗೆ ಜಪಾನ್ ಅಂದರೆ ಐದು ದಿನ, ಬರೀ ಟೋಕಿಯೊ, ಊಟಕ್ಕೂ ಲೆಕ್ಕ ಹಾಕಬೇಕಾಗುತ್ತೆ ಕಣಮ್ಮ ಅಂದೆ. ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ.

ಲೆಕ್ಚರರ್ ಮನೆಯವರಿಗೆ ದಸರಾ ರಜೆ, ಜಪಾನ್. ಪಿಯುಸಿ ಹುಡುಗನ ಕೈಗೆ ಮ್ಯಾಪು ಕೊಡಿ, ದಾರಿ ಅವನೇ ಹುಡುಕಲಿ. ನಾಲ್ಕು ಜನಕ್ಕೆ ಒಂಬತ್ತು ಹತ್ತು ಲಕ್ಷ ಈ ವರ್ಷ ಆಗೋದಿಲ್ಲ ಅನ್ನಿಸಿದರೆ ಏಪ್ರಿಲ್ಲಿನಲ್ಲಿ ವಿಯೆಟ್ನಾಂ, ಜಪಾನ್ ಇನ್ನೆರಡು ವರ್ಷ ಬಿಟ್ಟು. ಹುಡುಗ ಆಗ ಇನ್ನೂ ಜಾಸ್ತಿ ನಡೆಯುತ್ತಾನೆ.

ಬಟ್ಟೆ ಅಂಗಡಿಯವರಿಗೆ ಮಾತ್ರ ನಾನು ಉತ್ತರ ಕೊಡಲಿಲ್ಲ, ಕೋಟೆಗೆ ಕಳಿಸಿದೆ. ಹೋದ ಭಾನುವಾರ ಸಂಜೆ ಫೋನ್ ಬಂತು.

"ಮೇಡಂ, ಅಪ್ಪ ಏಕನಾಥೇಶ್ವರಿ ಗುಡಿವರೆಗೆ ಬಂದ್ರು. ಎರಡು ಸಲ ಕೂತ್ರು, ಆಮೇಲೆ ಸಾಕು ಅಂದ್ರು."

"ಅಮ್ಮ?"

"ಅಮ್ಮನ್ನ ಹುಡುಕೋದೇ ಆಯ್ತು. ಗೋಪಾಲಸ್ವಾಮಿ ಹೊಂಡದ ಹತ್ರ ಯಾರೋ ಸ್ಕೂಲ್ ಮಕ್ಕಳ ಜೊತೆ ಮಾತಾಡ್ತಾ ಕೂತಿದ್ರು. ನನಗೇ ಏದುಸಿರು ಬಂತು."

ಹಾಗಾದರೆ ಜನವರಿಯಲ್ಲಿ ಈಜಿಪ್ಟ್, ಹಡಗು ಇರುವ ಟೂರೇ ಆಗಬೇಕು ಅಂದೆ. ಅಬು ಸಿಂಬೆಲ್‌ಗೆ ಅಮ್ಮ ಹೋಗಲಿ, ಅಪ್ಪ ಡೆಕ್ಕಿನ ಮೇಲೆ ಟೀ ಕುಡಿಯುತ್ತಾ ಇರಲಿ.

"ಟೀ ಅಲ್ಲ ಮೇಡಂ," ಅಂದರು. "ಫಿಲ್ಟರು, ಕಾಫಿಪುಡಿ ಈಗಲೇ ತೆಗೆದಿಟ್ಟಿದ್ದಾರೆ. ಹಡಗಿನಲ್ಲಿ ಬಿಸಿನೀರು ಸಿಗುತ್ತಾ ಅಂತ ನಿಮ್ಮನ್ನ ಕೇಳು ಅಂದ್ರು."